ವಿಶ್ವವಿದ್ಯಾಲಯ, ಠಾಣೆ ಮತ್ತು ನಾವು

ನಮ್ಮ ಕೇರಿಗಳಿಗೆ ವಿಶ್ವವಿದ್ಯಾಲಯ ಪರಿಚಯವಾಗುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಪೊಲೀಸ್ ಠಾಣೆ ಪರಿಚಯವಾಗಿತ್ತು. ಊರಲ್ಲಿ ಬಾಳೆಗೊನೆ ಕಳುವಾದರೆ, ಗೌಡರ ಬಣವೆಗೆ ಬೆಂಕಿ ಬಿದ್ದರೆ, ದಫೇದಾರ ಮೊದಲು ಎಲ್ಲಿಗೆ ಬರುತ್ತಾನೆ ಅಂತ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ನಾವು ಹೋದದ್ದು ತೀರ ಈಚೆಗೆ. ಅದೂ ಮನೆಗೊಬ್ಬರಲ್ಲ, ಕೇರಿಗೊಬ್ಬರು. ಟ್ರಂಕು ಹೊತ್ತು ಬಸ್ಸು ಹತ್ತುವಾಗ ನಮ್ಮ ಅವ್ವಂದಿರು ಹೇಳಿ ಕಳಿಸಿದ ಮಾತು ಒಂದೇ: "ಯಾರ ತಂಟೆಗೂ ಹೋಗಬ್ಯಾಡ ಕಣಪ್ಪ, ಠೇಷನ್ ಮೆಟ್ಲು ಹತ್ತೋ ಹಂಗೆ ಮಾಡ್ಕಬ್ಯಾಡ." ಓದುವುದು ಅಂದರೆ ಠಾಣೆಯಿಂದ ದೂರ ಸಾಗುವುದು ಎಂದೇ ಅವರ ತಿಳುವಳಿಕೆ.

ಆ ತಿಳುವಳಿಕೆಯನ್ನು ಈ ದೇಶದ ವಿಶ್ವವಿದ್ಯಾಲಯಗಳು ಸುಳ್ಳು ಮಾಡುತ್ತಿವೆ. ಕುಲಪತಿಯ ಕೋಣೆಯಿಂದ ಠಾಣೆಗೆ ಹೋಗುವ ದಾರಿ ಈಗ ಬಹಳ ಹತ್ತಿರ. ಹೀಗಿರುವಾಗ ಇಬ್ಬರೂ ಕೂಡಿ ನಡೆಯುವುದು ಸರಿಯೇ, ಸರಿಯಾದರೆ ಎಲ್ಲಿಯವರೆಗೆ ಸರಿ, ಯಾರ ಲೆಕ್ಕದಲ್ಲಿ ಸರಿ ಎನ್ನುವ ಪ್ರಶ್ನೆಯನ್ನು ನಾವೇ ಎತ್ತಿಕೊಳ್ಳಬೇಕಾಗಿದೆ. ಬೇರೆಯವರು ಇದನ್ನು ಎತ್ತಿಕೊಂಡಾಗಲೆಲ್ಲ ನಮ್ಮ ಪಾಲಿನ ಅರ್ಧ ಮಾತು ಬಿಟ್ಟುಹೋಗಿದೆ.

ನಗರದ ಪ್ರಗತಿಪರ ಗೆಳೆಯರಿಗೆ ಉತ್ತರ ಸುಲಭ. ವಿಶ್ವವಿದ್ಯಾಲಯ ಜ್ಞಾನದೇಗುಲ, ಅಲ್ಲಿಗೆ ಖಾಕಿ ಕಾಲಿಡಬಾರದು ಅನ್ನುತ್ತಾರೆ. ಈ ಮಾತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ, ನಾವು ಅಲ್ಲಗಳೆಯುವುದಿಲ್ಲ. ಗ್ರೀಸ್ ದೇಶದಲ್ಲಿ 1973ರ ನವೆಂಬರ್ 17ರ ಬೆಳಗಿನ ಜಾವ ಮಿಲಿಟರಿ ಸರ್ಕಾರದ ಟ್ಯಾಂಕೊಂದು ಅಥೆನ್ಸಿನ ಪಾಲಿಟೆಕ್ನಿಕ್ ಗೇಟನ್ನು ಮುರಿದುಕೊಂಡು ವಿದ್ಯಾರ್ಥಿಗಳ ಮೇಲೆ ನುಗ್ಗಿತು. ಆ ಗಾಯದ ನೆನಪಿಗೆ 1982ರಲ್ಲಿ ಅಲ್ಲಿ ಕಾನೂನೇ ಬಂತು: ವಿಶ್ವವಿದ್ಯಾಲಯದ ಒಳಗೆ ಪೊಲೀಸರು ತಮಗೆ ತೋಚಿದಂತೆ ಬರುವ ಹಾಗಿಲ್ಲ. ನಡುವೆ ಒಮ್ಮೆ ಕಿತ್ತುಕೊಂಡು, ಮತ್ತೆ ಕೊಟ್ಟು, ಕೊನೆಗೆ 2019ರಲ್ಲಿ ಅದನ್ನು ರದ್ದು ಮಾಡಿದರು. 2021ರಲ್ಲಿ ಕ್ಯಾಂಪಸ್ಸಿಗೇ ಒಂದು ಪ್ರತ್ಯೇಕ ಪೊಲೀಸ್ ಪಡೆ ಕಟ್ಟುವ ಕಾಯ್ದೆಯನ್ನೂ ತಂದರು.

ಆದರೆ ದೇಗುಲ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ನಮಗೆ ಹಳೆಯದೊಂದು ನೆನಪಾಗುತ್ತದೆ. ಒಳಗೆ ಯಾರು ಬರಬಹುದು, ಯಾರು ಬರಬಾರದು ಎಂದು ಮಡಿ ಲೆಕ್ಕ ಹಾಕುವ ಜಾಗ ಅದು. ಗರ್ಭಗುಡಿಯ ಒಳಗೆ ಏನು ನಡೆದರೂ ಹೊರಗಿನವರು ಕೇಳುವ ಹಾಗಿಲ್ಲ. ವಿಶ್ವವಿದ್ಯಾಲಯಕ್ಕೂ ಅಂಥದೇ ಮಡಿ ಬೇಕೆ? ಅಥೆನ್ಸಿನಲ್ಲಿ ಟ್ಯಾಂಕು ನುಗ್ಗಿದ ಅದೇ ನವೆಂಬರ್ ತಿಂಗಳಲ್ಲಿ ನಮ್ಮ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಅನ್ನುವ ಮಾತಾಡಿದರು. ಆಮೇಲೆ ಏನಾಯಿತು ಅನ್ನುವುದು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವುದೇ. ದಲಿತ ವಿದ್ಯಾರ್ಥಿಗಳಿಗೆ ಹೊಡೆದವರು ಮಿಲಿಟರಿಯವರಲ್ಲ, ಖಾಕಿಯವರೂ ಅಲ್ಲ. ಪಕ್ಕದ ಬೆಂಚಿನ ವಿದ್ಯಾರ್ಥಿಗಳು. ಮಂತ್ರಿಗಿರಿ ಹೋದದ್ದು ಬಸವಲಿಂಗಪ್ಪನವರದು. ಹಾಗಾಗಿ 'ವಿದ್ಯಾರ್ಥಿ ಸಮುದಾಯ' ಅನ್ನುವ ಒಂದು ಪದದಲ್ಲಿ ಹೊಡೆದವರನ್ನೂ ಹೊಡೆಸಿಕೊಂಡವರನ್ನೂ ಕಟ್ಟಿಹಾಕಿ, ಗೇಟಿಗೆ ಬೀಗ ಹಾಕಿದರೆ ಒಳಗಿರುವವರೆಲ್ಲ ಕ್ಷೇಮ ಅಂತ ಹೇಳುವುದು ನಮ್ಮಿಂದ ಆಗುವುದಿಲ್ಲ.

ನಾವು ಗೇಟನ್ನು ಬಿಟ್ಟು ಫೋನನ್ನು ನೋಡೋಣ. ಫೋನು ಮಾಡಿದವರು ಯಾರು, ಯಾವಾಗ ಮಾಡಿದರು, ಯಾರ ಮೇಲೆ ಮಾಡಿದರು? ಇನ್ನೂ ಮುಖ್ಯವಾಗಿ, ಯಾವಾಗ ಮಾಡಲಿಲ್ಲ?

ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಕಥೆಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಬೇಕು. 2015ರ ಆಗಸ್ಟಿನಲ್ಲಿ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಹುಡುಗರಿಗೂ ಎ.ಬಿ.ವಿ.ಪಿ.ಯ ನಾಯಕನೊಬ್ಬನಿಗೂ ಜಗಳವಾಯಿತು. ಕೇಂದ್ರ ಮಂತ್ರಿ ಬಂಡಾರು ದತ್ತಾತ್ರೇಯ ಅವರು ಶಿಕ್ಷಣ ಖಾತೆಯ ಮಂತ್ರಿಗೆ ಪತ್ರ ಬರೆದರು. ಶಿಕ್ಷಣ ಖಾತೆಯಿಂದ ವಿಶ್ವವಿದ್ಯಾಲಯಕ್ಕೆ ಪತ್ರದ ಮೇಲೆ ಪತ್ರ ಬಂತು. ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವರು ಬಯಲಲ್ಲಿ ಡೇರೆ ಹಾಕಿ ಅದಕ್ಕೆ 'ವೆಲಿವಾಡ' ಅಂತ ಹೆಸರಿಟ್ಟರು. ವೆಲಿವಾಡ ಅಂದರೆ ತೆಲುಗಿನಲ್ಲಿ ನಮ್ಮ ಹೊಲಗೇರಿ. ಊರಲ್ಲಿ ಕೇರಿ ಬಿಟ್ಟು ವಿಶ್ವವಿದ್ಯಾಲಯಕ್ಕೆ ಬಂದವರಿಗೆ ವಿಶ್ವವಿದ್ಯಾಲಯ ಮತ್ತೊಂದು ಕೇರಿ ಮಾಡಿಕೊಟ್ಟಿತು. ಅವರಲ್ಲೊಬ್ಬ ರೋಹಿತ್ ವೇಮುಲ. 2016ರ ಜನವರಿ 17ರಂದು ಆತ ನಮ್ಮನ್ನು ಬಿಟ್ಟುಹೋದ. ಮರುದಿನವೇ ಕುಲಪತಿಯ ಮೇಲೂ ಇತರರ ಮೇಲೂ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಕೇಸು ದಾಖಲಾಯಿತು. ಕುಲಪತಿ ರಜೆಯ ಮೇಲೆ ಹೋದರು.

ಮಾರ್ಚ್ 22ಕ್ಕೆ ಅವರು ವಾಪಸು ಬಂದು ಕುರ್ಚಿಯಲ್ಲಿ ಕೂತರು. ಅವತ್ತಿನದನ್ನು ನಾವು ಮರೆಯಬಾರದು. ದೌರ್ಜನ್ಯದ ಕೇಸಿನಲ್ಲಿ ಹೆಸರಿರುವ ಮನುಷ್ಯ ಒಳಗೆ ಕೂತಿದ್ದಾರೆ, ಕೇಸು ಹಾಕಿದವರ ಕಡೆಯ ಹುಡುಗರು ಹೊರಗೆ ನಿಂತು ಕೂಗುತ್ತಿದ್ದಾರೆ. ಪೊಲೀಸರು ಬಂದರು. ಹೊಡೆದು, ವ್ಯಾನಿಗೆ ತುಂಬಿದ್ದು ಹೊರಗೆ ನಿಂತವರನ್ನು. ಸುಮಾರು 25 ವಿದ್ಯಾರ್ಥಿಗಳೂ ಇಬ್ಬರು ಅಧ್ಯಾಪಕರೂ ಜೈಲಿಗೆ ಹೋದರು. ಹಾಸ್ಟೆಲಿನ ಮೆಸ್ಸುಗಳು ಮುಚ್ಚಿದವು, ನೀರು ನಿಂತಿತು, ಕರೆಂಟು ಇಂಟರ್ನೆಟ್ಟು ಹೋಯಿತು. ಬಯಲಲ್ಲಿ ಒಲೆ ಹೂಡಿ ಅನ್ನ ಬೇಯಿಸಲು ಹೊರಟವರಿಗೂ ಲಾಠಿ ಏಟು ಬಿತ್ತು. ಕೆರೆ ಮುಟ್ಟಬೇಡ, ಒಲೆ ಹೂಡಬೇಡ ಅನ್ನುವ ಬಹಿಷ್ಕಾರವನ್ನು ಊರುಗಳಲ್ಲಿ ಕಂಡು ಬಲ್ಲ ನಮಗೆ ಇದರಲ್ಲಿ ಹೊಸತೇನಿದೆ? ಹೊಸದು ಇಷ್ಟೆ: ಬಹಿಷ್ಕಾರ ಹಾಕಿದ ಊರ ಯಜಮಾನನಿಗೆ ಇಲ್ಲಿ ಪಿಎಚ್.ಡಿ. ಇತ್ತು.

ಇನ್ನು ಆ ಮೊದಲನೆಯ ಕೇಸು, ಕುಲಪತಿಯ ಮೇಲಿನದು, ಏನಾಯಿತು? ಎಂಟು ವರ್ಷ ಕಳೆದು 2024ರಲ್ಲಿ ತೆಲಂಗಾಣ ಪೊಲೀಸರು ಕೇಸು ಮುಗಿಸುವ ವರದಿ ಕೊಟ್ಟರು. ರೋಹಿತ್ ದಲಿತನೇ ಅಲ್ಲ, ಯಾರೂ ಹೊಣೆಗಾರರಲ್ಲ ಅಂತ ಅದರಲ್ಲಿತ್ತು. ಎಲ್ಲ ಕಡೆ ಕೂಗೆದ್ದ ಮೇಲೆ ಮತ್ತೆ ತನಿಖೆ ಮಾಡುತ್ತೇವೆ ಅಂದರು. ಒಂದೇ ಇಲಾಖೆಯ ಒಂದು ಕೈ ಒಂದೇ ಮಧ್ಯಾಹ್ನದಲ್ಲಿ ಇಪ್ಪತ್ತೇಳು ಜನರನ್ನು ಹಿಡಿಯಿತು. ಇನ್ನೊಂದು ಕೈ ಎಂಟು ವರ್ಷ ತಡಕಾಡಿ, ಕೊನೆಗೆ ಸತ್ತವನ ಜಾತಿಯನ್ನು ಹಿಡಿದುಕೊಂಡಿತು.

ಹೈದರಾಬಾದಿನದು ಯಾವುದೋ ಒಬ್ಬ ಕುಲಪತಿಯ ಗುಣದೋಷ ಅಂತ ಕೆಲವರು ವಾದಿಸಬಹುದು. ದೆಹಲಿಯ ಮೂರು ವಾರಗಳನ್ನು ನೋಡಿ. 2019ರ ಡಿಸೆಂಬರ್ 15ರ ಸಂಜೆ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ಹೊತ್ತಿನಲ್ಲಿ ಪೊಲೀಸರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಒಳಗೆ ನುಗ್ಗಿ ಲೈಬ್ರರಿಯಲ್ಲಿ ಕೂತಿದ್ದವರ ಮೇಲೆ ಲಾಠಿ ಬೀಸಿದರು. ನಾವು ಅನುಮತಿ ಕೊಟ್ಟಿರಲಿಲ್ಲ ಅಂತ ಆ ವಿಶ್ವವಿದ್ಯಾಲಯದ ಕುಲಪತಿಯೇ ಹೇಳಿದರು. ಗಲಭೆಕೋರರ ಬೆನ್ನಟ್ಟಿ ಹೋದೆವು, ಅನುಮತಿ ಎಲ್ಲಿ ಕೇಳುವುದು ಅಂತ ಪೊಲೀಸರು. ಸರಿ ಅಂತಲೇ ಇಟ್ಟುಕೊಳ್ಳೋಣ. 2020ರ ಜನವರಿ 5ರ ಸಂಜೆ ಅದೇ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ಮುಖ ಮುಚ್ಚಿಕೊಂಡ ಗುಂಪು ರಾಡು, ದೊಣ್ಣೆ ಹಿಡಿದು ನುಗ್ಗಿತು. ವಿದ್ಯಾರ್ಥಿ ಸಂಘದ ಅಧ್ಯಕ್ಷೆಯ ತಲೆ ಒಡೆಯಿತು, ಅಧ್ಯಾಪಕರಿಗೂ ಪೆಟ್ಟಾಯಿತು. ಅದೇ ದೆಹಲಿ ಪೊಲೀಸರು ಗೇಟಿನ ಹೊರಗೆ ನಿಂತಿದ್ದರು. ಯಾಕೆ ಒಳಗೆ ಹೋಗಲಿಲ್ಲ ಅಂದರೆ, ವಿಶ್ವವಿದ್ಯಾಲಯದ ಲಿಖಿತ ಅನುಮತಿ ಬರಬೇಕಿತ್ತು ಅನ್ನುವ ಉತ್ತರ ಬಂತು. ಹೊಡೆಸಿಕೊಂಡ ಅಧ್ಯಕ್ಷೆಯ ಮೇಲೆ ಆಡಳಿತದವರು ಕೊಟ್ಟ ದೂರೊಂದು ಮಾತ್ರ ಠಾಣೆಯಲ್ಲಿ ದಾಖಲಾಗಿತ್ತು, ಹಿಂದಿನ ದಿನ ಸರ್ವರ್ ಕೋಣೆಯಲ್ಲಿ ನಡೆದ ಗಲಾಟೆಯ ಬಗ್ಗೆ. ಮೂರು ವಾರದ ಹಿಂದೆ ಬೇಡವಾಗಿದ್ದ ಅನುಮತಿ ಆವತ್ತು ದಿಢೀರನೆ ಪವಿತ್ರವಾಗಿಬಿಟ್ಟಿತು. ಮಡಿ ಅಂದರೆ ಹೀಗೇ. ಅದು ಬೇಕಾದಾಗ ಇರುತ್ತದೆ, ಬೇಡವಾದಾಗ ಇರುವುದಿಲ್ಲ.

ಇವೆಲ್ಲ ಆದ ಫೋನುಗಳು. ಆಗದ ಫೋನುಗಳ ಬಗ್ಗೆ ಮಾತಾಡುವವರು ಕಡಿಮೆ, ನಮಗೆ ಅದೇ ಹೆಚ್ಚು ಮುಖ್ಯ.

ಮುಂಬಯಿಯ ನಾಯರ್ ಆಸ್ಪತ್ರೆಯ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಪಾಯಲ್ ತಡ್ವಿ ಆದಿವಾಸಿ ಹೆಣ್ಣುಮಗಳು. ಎಂ.ಬಿ.ಬಿ.ಎಸ್. ಮುಗಿಸಿ ಸ್ನಾತಕೋತ್ತರ ಪದವಿಗೆ ಬಂದಿದ್ದಳು. ಹಿರಿಯ ವಿದ್ಯಾರ್ಥಿನಿಯರು ಜಾತಿ ಎತ್ತಿ ಕಾಡುತ್ತಿದ್ದಾರೆ ಎಂದು ಮೊದಲೇ ದೂರಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಅವಳ ಮನೆಯವರು ಹೇಳುತ್ತಾರೆ. 2019ರ ಮೇ 22ರಂದು ಅವಳು ತೀರಿಕೊಂಡಳು. ಪೊಲೀಸರು ಬಂದದ್ದು ಆಮೇಲೆ. ಮೂವರ ಬಂಧನವಾದದ್ದೂ ಆಮೇಲೆ. ಬದುಕಿದ್ದಾಗ ಅದು ಕಾಲೇಜಿನ ಆಂತರಿಕ ವಿಚಾರ. ಸತ್ತಮೇಲೆ ಅಪರಾಧ. ರೋಹಿತನ ತಾಯಿ ರಾಧಿಕಾ, ಪಾಯಲಳ ತಾಯಿ ಆಬೇದಾ, ಇಬ್ಬರೂ ಸೇರಿ ಅದೇ ವರ್ಷ ಸುಪ್ರೀಂ ಕೋರ್ಟಿಗೆ ಹೋದರು. ಆಂತರಿಕ ವಿಚಾರ ಅನ್ನುವ ಗೋಡೆಯೊಳಗೆ ಮಕ್ಕಳು ಸಾಯುತ್ತಿದ್ದಾರೆ, ಅದಕ್ಕೆ ಕಿಟಕಿ ಕೊರೆಯಿರಿ ಅನ್ನುವುದೇ ಆ ತಾಯಂದಿರ ಅರ್ಜಿಯ ಸಾರ.

'ಆಂತರಿಕ ವಿಚಾರ' ಅನ್ನುವ ಈ ಎರಡು ಪದಗಳನ್ನು ಹಾಸ್ಟೆಲಿನಲ್ಲಿದ್ದ ನಮ್ಮವರಲ್ಲಿ ಕೇಳದವರು ಯಾರಿದ್ದಾರೆ? ಪ್ರೊಫೆಸರು ಜಾತಿ ಹಿಡಿದು ಬೈದರೆ ಸಮಿತಿ. ವೈವಾದಲ್ಲಿ ಅಡ್ಡಹೆಸರು ಕೇಳಿ ಮುಖ ಸಿಂಡರಿಸಿದರೆ ಸಮಿತಿ. ಗೈಡು ಹೆಣ್ಣುಮಗಳ ಕೈ ಹಿಡಿದರೂ ಮೊದಲು ಸಮಿತಿ. ಯಾಕಪ್ಪಾ, ಠಾಣೆಗೆ ಯಾಕೆ ಹೋಗಬಾರದು ಅಂದರೆ "ಸಂಸ್ಥೆಯ ಮರ್ಯಾದೆ" ಅನ್ನುತ್ತಾರೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಮು ಏನು ಹೇಳುತ್ತದೆ? ಎಫ್.ಐ.ಆರ್. ದಾಖಲಿಸುವುದಕ್ಕೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅನ್ನುತ್ತದೆ. ಈ ಒಂದು ಕಲಮಿಗಾಗಿ ಆ ವರ್ಷ ಏಪ್ರಿಲ್ 2ರಂದು ದೇಶದಾದ್ಯಂತ ನಮ್ಮ ಜನ ಬೀದಿಗೆ ಬಂದರು, ಪ್ರಾಣ ಕೊಟ್ಟರು. ಠಾಣೆಯೇ ಮಾಡಬೇಕಿಲ್ಲದ ಪ್ರಾಥಮಿಕ ವಿಚಾರಣೆಯನ್ನು ವಿಶ್ವವಿದ್ಯಾಲಯದ ಸಮಿತಿ ಆರು ತಿಂಗಳು ಮಾಡುತ್ತದೆ. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದ ಹುಡುಗ ಪಾಸಾಗಿ ಊರಿಗೆ ಹೋಗಿರುತ್ತಾನೆ, ಇಲ್ಲವೆ ಪಾಸಾಗುವ ಆಸೆಗೆ ಬಾಯಿ ಮುಚ್ಚಿಕೊಂಡಿರುತ್ತಾನೆ.

ಹೀಗಾಗಿ ಪೊಲೀಸರು ಒಳಗೆ ಬರಲೇಬಾರದು ಅನ್ನುವ ಘೋಷಣೆಯನ್ನು ನಾವು ಹಾಗೆಯೇ ಎತ್ತಿಕೊಂಡು ಕೂಗಲಾರೆವು. ದೌರ್ಜನ್ಯ ತಡೆ ಕಾಯ್ದೆ ಕಾಗದದಿಂದ ಎದ್ದು ಬರಬೇಕಾದರೆ ಒಬ್ಬ ಸಬ್ ಇನ್ಸ್‌ಪೆಕ್ಟರ್ ಪೆನ್ನು ಎತ್ತಿಕೊಳ್ಳಬೇಕು. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು ಕೋರ್ಟಿನಲ್ಲಿ ಆರೋಪಿಗಳು ಬಿಡುಗಡೆಯಾದರು. ಸರಿಯಾದ ತನಿಖೆ, ಸಾಕ್ಷಿಗೆ ಸರಿಯಾದ ರಕ್ಷಣೆ ಅಂದರೆ ಏನು ಅಂತ ಆ ಊರಿನ ಬೂದಿಯನ್ನು ಕೇಳಬೇಕು. ಪೊಲೀಸರು ಬೇಡ ಅನ್ನುವುದು ಪೊಲೀಸರ ಅಗತ್ಯ ಎಂದೂ ಬೀಳದವರಿಗೆ ಸಲೀಸಾಗಿ ಬರುವ ಮಾತು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇವೆ. ಲಾಠಿ ಹಿಡಿದು ಕ್ಯಾಂಪಸ್ಸಿಗೆ ಬರುವ ಕಾನ್‌ಸ್ಟೇಬಲ್ ಹೆಚ್ಚಾಗಿ ನಮ್ಮಂಥ ಮನೆಯವನೇ. ಅಣ್ಣ ಪಿ.ಯು.ಸಿ.ಗೆ ನಿಲ್ಲಿಸಿ ಪೊಲೀಸಾಗಿ, ಆ ಸಂಬಳದಲ್ಲಿ ತಮ್ಮನನ್ನು ಎಂ.ಎ. ಓದಿಸುತ್ತಾನೆ. ಪ್ರಭುತ್ವ ಅಣ್ಣನ ಕೈಗೆ ಲಾಠಿ ಕೊಟ್ಟು ತಮ್ಮನ ಹಾಸ್ಟೆಲಿಗೆ ಕಳಿಸುತ್ತದೆ. ಮೇಲೆ ಕೂತು ಫೋನು ಮಾಡಿದವನ ಮಗ ಆ ಹೊತ್ತಿನಲ್ಲಿ ಅಮೆರಿಕದಲ್ಲಿ ಓದುತ್ತಿರುತ್ತಾನೆ.

ಇದುವರೆಗೆ ಮುಂಬಾಗಿಲಿನ ಮಾತಾಯಿತು. ವಿಶ್ವವಿದ್ಯಾಲಯಕ್ಕೂ ಠಾಣೆಗೂ ನಡುವೆ ಹಿತ್ತಿಲ ಬಾಗಿಲೊಂದಿದೆ. ಅದರಲ್ಲಿ ವ್ಯಾನು ಬರುವುದಿಲ್ಲ, ವಿದ್ಯೆ ಹೋಗುತ್ತದೆ.

ಮದರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟ ಬರೆದ ಪಂಡಿತ. 1909ರಲ್ಲಿ ಅವು ಹೊರಬಂದವು. ಇವತ್ತಿಗೂ ನಮ್ಮ ಸಂಶೋಧಕರು ಭಕ್ತಿಯಿಂದ ಅಡಿಟಿಪ್ಪಣಿ ಹಾಕುವ ಪುಸ್ತಕ. ಆತ ಜನರ ಮೂಗು, ತಲೆಬುರುಡೆ ಅಳೆಯುತ್ತಿದ್ದ. ಅಳೆಯುವ ಆ ವಿದ್ಯೆಯನ್ನು ವಿಶ್ವವಿದ್ಯಾಲಯದ ಹುಡುಗರಿಗಷ್ಟೇ ಅಲ್ಲ, ಪೊಲೀಸರಿಗೂ ಪಾಠ ಹೇಳಿದ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹುಟ್ಟಿನಿಂದಲೇ ಕಳ್ಳರು ಅಂತ ಕೆಲವು ಜಾತಿಗಳಿಗೆ ಮುದ್ರೆ ಒತ್ತುತ್ತಿದ್ದ ಕಾಲ ಅದು. ಹುಬ್ಬಳ್ಳಿಯಲ್ಲಿ, ಗದಗ ಬೆಟಗೇರಿಯಲ್ಲಿ 'ಸೆಟ್ಲಮೆಂಟ್' ಅಂತ ಇವತ್ತಿಗೂ ಕರೆಯುವ ಬಡಾವಣೆಗಳಿವೆ. ಕೊರಚರು, ಗಂಟಿಚೋರರು ಮೊದಲಾದವರನ್ನು ತಂತಿಬೇಲಿಯೊಳಗೆ ಕೂಡಿಹಾಕಿ ಹಾಜರಿ ಕೂಗುತ್ತಿದ್ದ ಜಾಗಗಳವು. ಕಾಯ್ದೆ 1952ರಲ್ಲಿ ಹೋಯಿತು. ಹೆಸರು ಬದಲಾಗಿ, ರೂಢಿಗತ ಅಪರಾಧಿಗಳ ಕಾಯ್ದೆಯಾಗಿ 1961ರಲ್ಲಿ ನಮ್ಮ ರಾಜ್ಯಕ್ಕೆ ಮತ್ತೆ ಬಂತು. ಬೇಲಿ ಹಾಕಿದ್ದು ಪೊಲೀಸರು, ನಿಜ. ಆದರೆ ಬೇಲಿಯೊಳಗಿನವರು ಬೇರೆಯದೇ ತಳಿ ಅಂತ ಹೇಳಿಕೊಟ್ಟ ಮೇಷ್ಟರು ಯಾರು?

ಥರ್ಸ್ಟನ್ ಬ್ರಿಟಿಷರವನು, ಹೋಗಲಿ ಅನ್ನೋಣ. ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯ 1955ರಿಂದ 1962ರವರೆಗೆ ದಕ್ಷಿಣ ವಿಯೆಟ್ನಾಮಿನಲ್ಲಿ ಡಿಯೆಮ್ ಎಂಬ ಸರ್ವಾಧಿಕಾರಿಯ ಪೊಲೀಸರಿಗೆ ತರಬೇತಿ ಕೊಟ್ಟಿತು. ಗುಪ್ತ ಪೊಲೀಸರಿಗೂ ಸೇರಿಸಿ. ಹೆಸರು 'ತಾಂತ್ರಿಕ ನೆರವು'. ಪ್ರಜೆಗಳಿಗೆಲ್ಲ ಗುರುತಿನ ಚೀಟಿ ಮಾಡಿಸುವ ಯೋಜನೆಗೂ ಕೈ ಹಾಕಿತು. ಆ ತಂಡದಲ್ಲಿ ಸಿ.ಐ.ಎ.ಯ ಜನ ವಿಶ್ವವಿದ್ಯಾಲಯದ ಸಿಬ್ಬಂದಿ ಅನ್ನುವ ವೇಷದಲ್ಲಿದ್ದರು. ಇದನ್ನೆಲ್ಲ 1966ರ ಏಪ್ರಿಲಿನಲ್ಲಿ 'ರಾಂಪಾರ್ಟ್ಸ್' ಪತ್ರಿಕೆ ಬಯಲಿಗೆಳೆಯಿತು. ಅದರ ಮುನ್ನುಡಿ ಬರೆದವನು ಅದೇ ಯೋಜನೆಯ ಕೆಲಸ ನೋಡಿಕೊಂಡಿದ್ದು, ಅಸಹ್ಯವಾಗಿ ಬಿಟ್ಟುಬಂದ ಸ್ಟ್ಯಾನ್ಲಿ ಶೈನ್‌ಬಾಮ್ ಎಂಬ ಅರ್ಥಶಾಸ್ತ್ರಜ್ಞ. ಒಳಗಿದ್ದವನೇ ಹೊರಬಂದು ಬಾಯಿ ಬಿಟ್ಟಿದ್ದರಿಂದ ಲೋಕಕ್ಕೆ ಗೊತ್ತಾಯಿತು. ಬಾಯಿ ಬಿಡದೆ ಪ್ರಮೋಷನ್ ತೆಗೆದುಕೊಂಡವರು ಎಷ್ಟು ಜನವೋ.

ಈಚಿನದು ಇನ್ನೂ ನಾಜೂಕು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಬ್ಬ ಪ್ರೊಫೆಸರು, ಮತ್ತೆ ಮಾನವಶಾಸ್ತ್ರದವನೇ, ಗಣಿತದವರ ಜೊತೆ ಕೂತು ಒಂದು ಲೆಕ್ಕ ಕಟ್ಟಿದ. ಭೂಕಂಪವಾದ ಮೇಲೆ ಪಕ್ಕದಲ್ಲೇ ಸಣ್ಣಸಣ್ಣ ಕಂಪನಗಳು ಬರುತ್ತವಲ್ಲ, ಕಳ್ಳತನವೂ ಹಾಗೇ, ಒಂದು ಕಡೆ ಆದರೆ ಅಕ್ಕಪಕ್ಕ ಆಗುತ್ತದೆ ಎಂಬ ಸೂತ್ರ. 'ಪ್ರೆಡ್‌ಪೋಲ್' ಅಂತ ಕಂಪನಿಯಾಯಿತು. ಇವತ್ತು ಯಾವ ಬೀದಿಯಲ್ಲಿ ಅಪರಾಧ ನಡೆಯಬಹುದು ಅಂತ ಕಂಪ್ಯೂಟರು ಚೌಕ ಹಾಕಿ ಕೊಡುತ್ತದೆ, ಪೊಲೀಸರು ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಲೆಕ್ಕಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ ಅಂದರು. ಆದರೆ ಲೆಕ್ಕ ಉಣ್ಣುವುದು ಠಾಣೆಯ ಹಳೆಯ ಕಡತವನ್ನು. ದಫೇದಾರ ಮೂವತ್ತು ವರ್ಷ ನಮ್ಮ ಕೇರಿಗೇ ಬಂದು ಬರೆದುಕೊಂಡು ಹೋಗಿದ್ದರೆ, ಕಂಪ್ಯೂಟರಿಗೆ ಕಳ್ಳರಿರುವುದು ನಮ್ಮ ಕೇರಿಯಲ್ಲೇ. ಗೌಡರ ಗೋಡೌನಿನ ಕಾಳಸಂತೆ ಅಕ್ಕಿ ಯಾವ ಚೌಕದಲ್ಲೂ ಬೀಳುವುದಿಲ್ಲ, ಯಾಕೆಂದರೆ ಅದು ಕಡತಕ್ಕೇ ಬಿದ್ದಿಲ್ಲ. ಲಾಸ್ ಏಂಜಲೀಸಿನ ಪೊಲೀಸರು 2020ರಲ್ಲಿ ಅದನ್ನು ಕೈಬಿಟ್ಟರು. ಇದನ್ನು ಮೊದಮೊದಲು ಬಳಸಿದ ಸಾಂತಾ ಕ್ರೂಜ್ ಪಟ್ಟಣ ಅದೇ ವರ್ಷ ನಿಷೇಧಿಸಿಯೇ ಬಿಟ್ಟಿತು.

ಹಾಗಾದರೆ ಠಾಣೆಗೆ ವಿದ್ಯೆಯೇ ಬೇಡವೆ? ಬೇಕು. ಕೇರಿಯ ಹೆಣ್ಣುಮಗಳ ಮೇಲೆ ಅತ್ಯಾಚಾರವಾದಾಗ ರಕ್ತ, ಬಟ್ಟೆ, ಕೂದಲು ಪರೀಕ್ಷಿಸುವ ಪ್ರಯೋಗಾಲಯ ಬೇಕು, ಅದನ್ನು ಕಲಿಸುವ ಕಾಲೇಜು ಬೇಕು. ದೌರ್ಜನ್ಯ ಕಾಯ್ದೆಯನ್ನು ಇನ್ಸ್‌ಪೆಕ್ಟರಿಗೆ ಅಕ್ಷರ ಅಕ್ಷರ ಓದಿಸುವ ಮೇಷ್ಟರು ಬೇಕು. ಇಂಥ ಸಹಕಾರವನ್ನು ನಾವೇ ಕೇಳುತ್ತೇವೆ. ನಮ್ಮ ತಕರಾರು ಒಂದೇ ಕಡೆ ಇದೆ. ಯಾರ ಮೇಲೆ ಆ ವಿದ್ಯೆ ಪ್ರಯೋಗವಾಗುತ್ತದೋ ಅವರಿಗೆ ಅದರ ಕಡತ ನೋಡುವ, ಸುಳ್ಳಿದ್ದರೆ ಸುಳ್ಳು ಅನ್ನುವ ದಾರಿ ಇದೆಯೇ? ಪ್ರಯೋಗಾಲಯದ ವರದಿಯನ್ನು ಕೋರ್ಟಿನಲ್ಲಿ ಪಾಟೀಸವಾಲು ಮಾಡಬಹುದು. ಥರ್ಸ್ಟನ್ನನ ಅಳತೆಪಟ್ಟಿಯನ್ನು ಯಾವ ಕೊರಚ ಪಾಟೀಸವಾಲು ಮಾಡಿದ? ಒಬ್ಬ ಹುಡುಗ ಯಾವ ಸಭೆಗೆ ಹೋಗಿದ್ದ, ಲೈಬ್ರರಿಯಿಂದ ಯಾವ ಪುಸ್ತಕ ತೆಗೆದುಕೊಂಡ ಅಂತ ಆಫೀಸಿನಿಂದ ಬಾಯಿಮಾತಿನಲ್ಲಿ ಠಾಣೆಗೆ ಹೋದ ಮಾಹಿತಿಯನ್ನು ಆ ಹುಡುಗ ಯಾವ ಜನ್ಮದಲ್ಲಿ ನೋಡುತ್ತಾನೆ?

ಒಳಗಿರುವವರು ಏನೂ ಮಾಡಲಾರರು, ಎಲ್ಲ ವ್ಯವಸ್ಥೆ ಅನ್ನುವುದನ್ನು ನಾವು ಒಪ್ಪುವುದಿಲ್ಲ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ಪೊಲೀಸರು ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆ ತುಳಿದು ಕೊಂದರು. ಅಲ್ಲಿನ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷೆ, ಕಪ್ಪು ಜನಾಂಗದ ವಿದ್ಯಾರ್ಥಿನಿ, ಮರುದಿನವೇ ಆಡಳಿತಕ್ಕೆ ಪತ್ರ ಬರೆದಳು: ಆ ಪೊಲೀಸ್ ಇಲಾಖೆಯೊಂದಿಗಿನ ಸಂಬಂಧ ಕಡಿದುಕೊಳ್ಳಿ, 24 ಗಂಟೆಯಲ್ಲಿ ಉತ್ತರ ಕೊಡಿ. ಮೇ 27ಕ್ಕೆ ಉತ್ತರ ಬಂತು. ಫುಟ್‌ಬಾಲ್ ಪಂದ್ಯದಂಥ ದೊಡ್ಡ ಕಾರ್ಯಕ್ರಮಗಳಿಗೆ ಆ ಇಲಾಖೆಯವರನ್ನು ಇನ್ನು ಕರೆಸುವುದಿಲ್ಲ ಅಂತ ವಿಶ್ವವಿದ್ಯಾಲಯ ಹೇಳಿತು. (ಅದರ ಸ್ವಂತ ಪೊಲೀಸ್ ಇಲಾಖೆ ಮಾತ್ರ ಹಾಗೇ ಇತ್ತು, ಅದನ್ನೂ ಹೇಳಬೇಕು.) ಮುಂದಿನ ತಿಂಗಳು ಸಾವಿರಕ್ಕೂ ಹೆಚ್ಚು ಗಣಿತಜ್ಞರು ಪೊಲೀಸರಿಗೆ ಇಂಥ ಲೆಕ್ಕ ಕಟ್ಟಿಕೊಡುವುದನ್ನು ನಿಲ್ಲಿಸೋಣ ಅಂತ ತಮ್ಮವರಿಗೇ ಬಹಿರಂಗ ಪತ್ರ ಬರೆದರು.

ದೂರದ ಉದಾಹರಣೆ ಬೇಡ ಅಂದರೆ ಪಕ್ಕದ ಕೇರಳದ್ದು ಇದೆ. ತುರ್ತುಪರಿಸ್ಥಿತಿಯ ಕಾಲ. 1976ರ ಮಾರ್ಚ್ 1ರ ಬೆಳಗಿನ ಜಾವ ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಿಂದ ರಾಜನ್ ಎಂಬ ಹುಡುಗನನ್ನು ಪೊಲೀಸರು ಎತ್ತಿಕೊಂಡು ಹೋದರು. ನಕ್ಸಲರು ಠಾಣೆಯೊಂದರ ಮೇಲೆ ದಾಳಿ ಮಾಡಿದ್ದರು, ಅದರ ನೆಪ. ಕಕ್ಕಯಂ ಎಂಬಲ್ಲಿನ ಕ್ಯಾಂಪಿನಲ್ಲಿ ಅವನನ್ನು ಹಿಂಸೆ ಕೊಟ್ಟು ಕೊಂದರು. ಹೆಣವೂ ಸಿಗಲಿಲ್ಲ. ತಂದೆ ಈಚರ ವಾರಿಯರ್ ಹಿಂದಿ ಮೇಷ್ಟರು. ಮಂತ್ರಿಗಳ ಬಾಗಿಲು ತಟ್ಟಿ ತಟ್ಟಿ, 1977ರಲ್ಲಿ ತುರ್ತುಪರಿಸ್ಥಿತಿ ಹೋದ ಕೂಡಲೇ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಿದರು. ನಾವು ಅವನನ್ನು ಹಿಡಿದೇ ಇಲ್ಲ ಅಂತ ಪೊಲೀಸರು, ಸರ್ಕಾರ ಪ್ರಮಾಣ ಮಾಡಿ ಹೇಳಿದರು.

ಆ ಸುಳ್ಳು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ? ಹುಡುಗನನ್ನು ಒಯ್ದ ದಿನವೇ ಕಾಲೇಜಿನ ಪ್ರಾಂಶುಪಾಲರು ತಂದೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿದ್ದರು, ನಿಮ್ಮ ಮಗನನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ ಅಂತ. ಕೋರ್ಟಿನಲ್ಲಿ ಆ ಕಾಗದ ಎದ್ದು ನಿಂತಿತು. ಕಾಲೇಜಿನವರೂ ಬಂದು ನಡೆದದ್ದನ್ನು ಹೇಳಿದರು. ರಾಜನ್ ಪೊಲೀಸರ ವಶದಲ್ಲಿದ್ದದ್ದು ನಿಜ ಅಂತ ಕೋರ್ಟು ಹೇಳಿತು. ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದು, ಆಗತಾನೆ ಮುಖ್ಯಮಂತ್ರಿಯಾಗಿದ್ದ ಕರುಣಾಕರನ್ ತಿಂಗಳೊಳಗೆ ರಾಜೀನಾಮೆ ಕೊಡಬೇಕಾಯಿತು. ಆ ಪ್ರಾಂಶುಪಾಲರು ಗೇಟಿಗೆ ಅಡ್ಡ ಮಲಗಲಿಲ್ಲ, ಭಾಷಣ ಮಾಡಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಪೊಲೀಸರನ್ನು ತಡೆಯುವ ಶಕ್ತಿ ಅವರಿಗೆಲ್ಲಿತ್ತು? ನಡೆದದ್ದನ್ನು ನಡೆದ ದಿನವೇ ಬರೆದು, ಸಹಿ ಹಾಕಿ, ಅಂಚೆಗೆ ಹಾಕಿದರು. ರಾಜನ್ ಬದುಕಲಿಲ್ಲ. ಅವನು ಇರಲೇ ಇಲ್ಲ ಅನ್ನುವ ಸುಳ್ಳೂ ಬದುಕಲಿಲ್ಲ.

ನಮ್ಮ ಹಳ್ಳಿ ಮೇಷ್ಟರುಗಳಿಗೆ, ಹಾಸ್ಟೆಲ್ ವಾರ್ಡನ್ನುಗಳಿಗೆ ಹೇಳಬೇಕಾದ್ದು ಇಲ್ಲಿದೆ. ಡಿ.ಕೆ. ಬಸು ಕೇಸಿನಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೂ ಇದೆ. ಬಂಧಿಸಲು ಬಂದ ಪೊಲೀಸನ ಹೆಸರು ಎದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕು. ಬಂಧನದ ಪತ್ರ ಬರೆಯಬೇಕು. ಅದಕ್ಕೆ ಕನಿಷ್ಠ ಒಬ್ಬರ ಸಾಕ್ಷಿ ಸಹಿ ಬೇಕು, ಅವರು ಬಂಧಿತನ ಮನೆಯವರಾಗಿರಬೇಕು, ಇಲ್ಲವೆ ಬಂಧನವಾದ ಜಾಗದ ಗೌರವಸ್ಥರಾಗಿರಬೇಕು. ಮನೆಯವರು ಸಹಿ ಹಾಕದಿದ್ದರೆ, ತಾನು ಹೇಳಿದ ಯಾರಿಗಾದರೂ ಸುದ್ದಿ ಮುಟ್ಟಿಸಿಕೊಳ್ಳುವ ಹಕ್ಕು ಬಂಧಿತನಿಗಿದೆ ಅಂತ ಪೊಲೀಸರೇ ಅವನಿಗೆ ತಿಳಿಸಬೇಕು. ಹಾಸ್ಟೆಲಿನ ಹುಡುಗನ ಮನೆಯವರು ಇನ್ನೂರು ಮೈಲಿ ಆಚೆ ಕೂಲಿಗೆ ಹೋಗಿರುತ್ತಾರೆ. ಆ ರಾತ್ರಿ ಆ ಜಾಗದಲ್ಲಿ ಗೌರವಸ್ಥರು ಅಂತ ಇರುವುದು ವಾರ್ಡನ್ ಒಬ್ಬರೇ. ಪೊಲೀಸರು ಬಂದರು ಅಂತ ಕೇಳಿ ಅವರು ಕೋಣೆಯ ದೀಪ ಆರಿಸಿ ಮಲಗಿಕೊಳ್ಳಬಹುದು. ಇಲ್ಲವೆ ಅಂಗಿ ತೊಟ್ಟು ಕೆಳಗಿಳಿದು ಬಂದು, ಕಾಗದ ಕೊಡಿ, ಓದಿ ಸಹಿ ಹಾಕುತ್ತೇನೆ, ಹುಡುಗನ ಅಪ್ಪನಿಗೆ ನಾನೇ ತಿಳಿಸುತ್ತೇನೆ, ಎಷ್ಟು ಗಂಟೆಗೆ ಯಾವ ಠಾಣೆಗೆ ಒಯ್ಯುತ್ತೀರಿ ಅಂತ ಕೇಳಬಹುದು.